ತೋಟ ಮಾಡಿದವರೂ ಪಾನಪಾತ್ರೆಯೂ: ಒಂದು ಬರ್ಗಂಡಿ ದ್ರಾಕ್ಷಾತೋಟದ ಚರಿತ್ರೆಯಿಂದ

ದ್ರಾಕ್ಷಾತೋಟವನ್ನು ನೆಟ್ಟವನು ಅದರ ಫಲವನ್ನು ಉಣ್ಣದೆ ಇರುವನೇ ಎಂಬರ್ಥದ ಒಂದು ಪ್ರಶ್ನೆಯನ್ನು ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯ ಮುಂದಿಡುತ್ತಾನೆ. ಮೊದಲನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಈ ಪ್ರಶ್ನೆಗೆ ಉತ್ತರ ಬೇಕೆಂದು ಅವನು ಕೇಳಿದವನಲ್ಲ. ಉತ್ತರ ಎಲ್ಲರಿಗೂ ತಿಳಿದೇ ಇದೆ ಎಂಬ ಧೈರ್ಯದಿಂದ ಕೇಳಿದವನು. ಸುವಾರ್ತೆ ಸಾರುವವರ ಜೀವನೋಪಾಯವನ್ನು ಸಮರ್ಥಿಸಲು ಅವನು ತೋಟಗಾರನನ್ನು ಸಾಕ್ಷಿಗೆ ಕರೆದನು. ಸಭೆಯು ಆ ವಾಕ್ಯವನ್ನು ಬಹುಕಾಲದಿಂದ ಬೋಧಕರ ಸಂಬಳದ ಸಂಬಂಧವಾಗಿ ಓದುತ್ತ ಬಂದಿದೆ. ಸಾಕ್ಷಿಗೆ ಬಂದ ತೋಟಗಾರನ ಗತಿ ಏನಾಯಿತೆಂದು ವಿಚಾರಿಸಿದವರು ವಿರಳ. ಈ ಲೇಖನದಲ್ಲಿ ನಾವು ಅವನನ್ನೇ ಹಿಂಬಾಲಿಸಿ, ಸಭಾಚರಿತ್ರೆಯ ಪುಟಗಳಲ್ಲಿ ಪದೇ ಪದೇ ಹೆಸರು ಕೇಳಿಬರುವ ಒಂದು ತೋಟಕ್ಕೆ ಹೋಗಿಬರಲು ಬಯಸುತ್ತೇವೆ.

ಪೂರ್ವ ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ, ದಿಜೋನ್ ಪಟ್ಟಣದಿಂದ ದಕ್ಷಿಣಕ್ಕೆ ಬೋನ್ ಪಟ್ಟಣದ ಕಡೆಗೆ ಸಾಗುವ ದಾರಿಯ ಬದಿಯಲ್ಲಿ ವುಜೋ ಎಂಬ ಸಣ್ಣ ಊರಿದೆ. ಊರಿಗೆ ತಾಗಿದಂತೆ ಕಲ್ಲಿನ ಗೋಡೆಯೊಂದು ಸುಮಾರು 50 ಹೆಕ್ಟೇರ್ ಇಳಿಜಾರು ನೆಲವನ್ನು ಸುತ್ತುವರಿದಿದೆ. ಇದಕ್ಕೆ ಕ್ಲೋ ದ ವುಜೋ ಎಂದು ಹೆಸರು. ‘ಕ್ಲೋ’ ಎಂದರೆ ಆವರಣ, ಸುತ್ತುಗೋಡೆಯ ತೋಟ. ಇಲ್ಲಿ ಬೆಳೆಯುವುದು ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿ. ಅದರಿಂದ ಆಗುವುದು ಕೆಂಪು ದ್ರಾಕ್ಷಾರಸ. ಗೋಡೆ ಒಂದೇ ಆದರೂ ಒಡೆತನ ಒಂದಲ್ಲ. ಇಂದು ಈ ಆವರಣದೊಳಗೆ ಸುಮಾರು 80 ಮಂದಿ ಒಡೆಯರಿದ್ದಾರೆ. ಅವರಲ್ಲಿ ಅನೇಕರು ಸಣ್ಣ ಕುಟುಂಬಗಳವರು. ಕೆಲವರ ಪಾಲಿಗೆ ಇರುವುದು ಹತ್ತಾರು ಸಾಲು ಬಳ್ಳಿಗಳು ಮಾತ್ರ. ಬರ್ಗಂಡಿಯ ಒಂದು ಪೀಪಾಯಿಯಲ್ಲಿ 228 ಲೀಟರ್ ಹಿಡಿಯುತ್ತದೆ, ಅಂದರೆ ಹೆಚ್ಚುಕಡಿಮೆ 300 ಶೀಸೆಗಳು. ಇಡೀ ವರ್ಷದ ದುಡಿಮೆಯಿಂದ ಇಂಥ ಒಂದೋ ಎರಡೋ ಪೀಪಾಯಿ ತುಂಬಿಸುವ ಮನೆಗಳು ಇಲ್ಲಿವೆ. ಶೀಸೆಯ ಮೇಲಿನ ಚೀಟಿಯಲ್ಲಿ ತೋಟದ ಹೆಸರು, ಅದರ ಕೆಳಗೆ ಕುಟುಂಬದ ಹೆಸರು ಇರುತ್ತದೆ. ಆ ಎರಡು ಹೆಸರುಗಳ ನಡುವೆ ಒಂಬತ್ತು ನೂರು ವರ್ಷಗಳ ಸಭಾಚರಿತ್ರೆ ಅಡಗಿದೆ.

ಕಥೆಯ ಆರಂಭ ವುಜೋದಲ್ಲಿ ಅಲ್ಲ, ಅಲ್ಲಿಂದ ಪೂರ್ವಕ್ಕೆ ಬಯಲಿನಲ್ಲಿದ್ದ ಒಂದು ಜವುಗು ಕಾಡಿನಲ್ಲಿ. 1098ರಲ್ಲಿ ಮೊಲೆಮ್ ಮಠದ ಅಧಿಪತಿ ರಾಬರ್ಟನು ಕೆಲವು ಸಂಗಡಿಗರೊಡನೆ ಅಲ್ಲಿಗೆ ಬಂದು ಒಂದು ಹೊಸ ಮಠವನ್ನು ಸ್ಥಾಪಿಸಿದನು. ಅದೇ ಸೀತೋ; ಸಿಸ್ಟರ್ಷಿಯನ್ ಸಂಘದ ತಾಯಿಮಠ. ಆಗಿನ ಶ್ರೀಮಂತ ಮಠಗಳ ವೈಭವ ಅವರಿಗೆ ಬೇಡವಾಗಿತ್ತು. ಸಂತ ಬೆನೆಡಿಕ್ಟನ ನಿಯಮಾವಳಿಯನ್ನು ಅಕ್ಷರಶಃ ಪಾಲಿಸಬೇಕು, ಸ್ವಂತ ಕೈಗಳಿಂದ ದುಡಿದು ಉಣ್ಣಬೇಕು, ದಶಮಾಂಶದಿಂದಾಗಲಿ ಜೀತದವರ ಬೆವರಿನಿಂದಾಗಲಿ ಬದುಕಬಾರದು ಎಂಬುದು ಅವರ ಸಂಕಲ್ಪ. ಆ ನಿಯಮಾವಳಿಯ ನಲವತ್ತನೆಯ ಅಧ್ಯಾಯವು ಸನ್ಯಾಸಿಗೆ ದಿನಕ್ಕೆ ಒಂದು ಸಣ್ಣ ಅಳತೆಯ ದ್ರಾಕ್ಷಾರಸವನ್ನು ಒಪ್ಪಿಕೊಳ್ಳುತ್ತದೆ. ಒಪ್ಪಿಕೊಳ್ಳುವುದೂ ಸ್ವಲ್ಪ ಮನಸ್ಸಿಲ್ಲದ ಮನಸ್ಸಿನಿಂದಲೇ. ಯಜ್ಞವೇದಿಗೆ ದ್ರಾಕ್ಷಾರಸ ಬೇಕೇ ಬೇಕು, ಅತಿಥಿಗಳಿಗೂ ಬೇಕು. ಜವುಗು ನೆಲದಲ್ಲಿ ಬಳ್ಳಿ ಬಾರದು. ಆದ್ದರಿಂದ ಮಠ ಹುಟ್ಟಿದ ಕೆಲವೇ ವರ್ಷಗಳೊಳಗೆ ಸನ್ಯಾಸಿಗಳು ಪಶ್ಚಿಮದ ಇಳಿಜಾರಿನತ್ತ ಕಣ್ಣಿಟ್ಟರು. ಹನ್ನೆರಡನೆಯ ಶತಮಾನದ ಆದಿಭಾಗದಿಂದ ಒಂದೊಂದು ತುಂಡು ನೆಲ ದಾನವಾಗಿಯೋ ಕ್ರಯವಾಗಿಯೋ ಅವರ ಕೈಸೇರತೊಡಗಿತು. ತುಂಡುಗಳೆಲ್ಲ ಒಂದಾಗಿ ಗೋಡೆ ಪೂರ್ಣವಾಗುವ ಹೊತ್ತಿಗೆ 1336 ಆಗಿತ್ತು. ಗೋಡೆ ಏಳುವುದಕ್ಕೆ ಮುಂಚೆಯೂ ಅಲ್ಲಿ ಹಲವು ಮನೆತನಗಳ ಸಣ್ಣ ಹಿಡುವಳಿಗಳಿದ್ದವೆಂಬುದನ್ನು ಇಲ್ಲಿ ಮರೆಯಬಾರದು. ನಾಬೋತನ ತೋಟದ ಕಥೆಯಂತೆ ಇಲ್ಲಿ ಬಲಾತ್ಕಾರ ನಡೆಯಿತೆಂದು ನಾವು ಹೇಳುವುದಿಲ್ಲ. ಆತ್ಮಶಾಂತಿಗಾಗಿ ಭೂಮಿ ಬರೆದುಕೊಟ್ಟವರ ಭಕ್ತಿಯನ್ನು ಹೀಗಳೆಯುವುದೂ ನಮ್ಮ ಉದ್ದೇಶವಲ್ಲ. ಆದರೂ ಪಿತ್ರಾರ್ಜಿತ ತುಂಡುಗಳು ಒಂದು ಮಹಾಮಠದ ಆವರಣದಲ್ಲಿ ಕರಗಿಹೋದದ್ದು ನಿಜ.

ಈ ತೋಟವನ್ನು ಮಾಡಿದವರು ಯಾರು? ಪ್ರವಾಸಿಗರಿಗೆ ಹೇಳುವ ಕಥೆಗಳಲ್ಲಿ ಸನ್ಯಾಸಿಗಳು ಮಣ್ಣನ್ನು ನಾಲಗೆಯಿಂದ ರುಚಿ ನೋಡಿ ಬಳ್ಳಿ ನೆಡುತ್ತಿದ್ದರಂತೆ. ಮೇಲ್ಭಾಗದ ರಸ ಪೋಪರಿಗೆ, ನಡುವಿನದು ಬಿಷಪರಿಗೆ, ಕೆಳಗಿನದು ಮಠದ ಊಟಕ್ಕೆ ಎಂದು ವಿಂಗಡಿಸುತ್ತಿದ್ದರಂತೆ. ಕಥೆಗಳು ಚೆನ್ನಾಗಿವೆ. ಆದರೆ ಗುದ್ದಲಿ ಹಿಡಿದವನು ಅವುಗಳಲ್ಲಿ ಕಾಣಿಸುವುದಿಲ್ಲ. ದಿನಕ್ಕೆ ಏಳು ಸಲವೂ ರಾತ್ರಿಯಲ್ಲಿ ಒಮ್ಮೆಯೂ ದೇವಾಲಯದಲ್ಲಿ ಕೀರ್ತನೆ ಹಾಡಬೇಕಾದ ಸನ್ಯಾಸಿಯು ದೂರದ ತೋಟದಲ್ಲಿ ದಿನವಿಡೀ ಅಗೆಯಲಾರನು. ಸಿಸ್ಟರ್ಷಿಯನ್ನರು ಇದಕ್ಕೆ ಕಂಡುಕೊಂಡ ಉಪಾಯವೇ ‘ಕನ್ವರ್ಸಿ’ಗಳ ವರ್ಗ. ಇವರನ್ನು ನಾವು ಶ್ರಮಸಹೋದರರು ಎಂದು ಕರೆಯಬಹುದು. ಹೆಚ್ಚಾಗಿ ರೈತಾಪಿ ಕುಟುಂಬಗಳಿಂದ ಬಂದ ಇವರೂ ವ್ರತ ಸ್ವೀಕರಿಸಿದವರೇ. ಬದುಕಿನಲ್ಲಿಯೂ ಮರಣದಲ್ಲಿಯೂ ಸನ್ಯಾಸಿಗಳಿಗೆ ಸಮಾನರೆಂದು ಸಂಘದ ಆದಿಗ್ರಂಥಗಳು ಇವರನ್ನು ಕುರಿತು ಹೇಳುತ್ತವೆ. ಆದರೆ ಇವರ ವಾಸ ಬೇರೆ, ಊಟದ ಮನೆ ಬೇರೆ, ದೇವಾಲಯದಲ್ಲಿ ನಿಲ್ಲುವ ಜಾಗವೂ ಬೇರೆ. ಇವರು ಗಡ್ಡ ಬಿಡುತ್ತಿದ್ದರು, ಅದೇ ಇವರ ಗುರುತು. ಶ್ರಮಸಹೋದರನು ಎಂದಿಗೂ ಗಾಯನವೃಂದದ ಸನ್ಯಾಸಿಯಾಗುವಂತಿರಲಿಲ್ಲ. ಅವನ ಕೈಯಲ್ಲಿ ಪುಸ್ತಕ ಇರಕೂಡದು. ಕರ್ತನ ಪ್ರಾರ್ಥನೆ, ವಿಶ್ವಾಸಪ್ರಮಾಣ, ಐವತ್ತೊಂದನೆಯ ಕೀರ್ತನೆ, ಇಂಥ ಕೆಲವನ್ನು ಬಾಯಿಪಾಠ ಕಲಿತರೆ ಸಾಕು ಎಂದು ನಿಯಮವೇ ಇತ್ತು. ವುಜೋದ ಆವರಣದ ನಡುವಿನ ಹಳೆಯ ಕಟ್ಟಡದಲ್ಲಿ ಹನ್ನೆರಡನೆಯ ಶತಮಾನದ ಉಗ್ರಾಣವೂ ಮರದ ಬೃಹತ್ ಗಾಣಗಳೂ ಇಂದಿಗೂ ನಿಂತಿವೆ. ಅವುಗಳೊಂದಿಗೆ ಶ್ರಮಸಹೋದರರ ಮಲಗುವ ಅಂಕಣವೂ ಉಳಿದಿದೆ. ಹೆಸರುಗಳು ಉಳಿದಿಲ್ಲ.

ಹೀಗೆ ಸಮಾನರೆಂದು ಕರೆಸಿಕೊಂಡು ಬೇರೆಯಾಗಿ ಬದುಕಿದ ಇವರಿಗೂ ಒಂದು ಕಡೆ ಸಮಾನತೆ ನಿಜವಾಗಿಯೇ ಇತ್ತು. ವರ್ಷದಲ್ಲಿ ಕೆಲವೇ ದಿನ ಇವರು ಪ್ರಭುಭೋಜನಕ್ಕೆ ಬರುತ್ತಿದ್ದರಾದರೂ, ಬಂದಾಗ ರೊಟ್ಟಿಯ ನಂತರ ಪಾನಪಾತ್ರೆಯಿಂದಲೂ ಸ್ವೀಕರಿಸುತ್ತಿದ್ದರು. ಅದು ಸಂಘದ ರೂಢಿಯಾಗಿತ್ತು. 1261ರಲ್ಲಿ ಆ ರೂಢಿ ನಿಂತಿತು. ಆ ವರ್ಷ ಸೀತೋದಲ್ಲಿ ಸೇರಿದ ಮಠಾಧಿಪತಿಗಳ ಮಹಾಸಭೆಯು ಯಜ್ಞವೇದಿಯ ಸೇವಕರನ್ನು ಬಿಟ್ಟು ಉಳಿದ ಸನ್ಯಾಸಿಗಳೂ ಶ್ರಮಸಹೋದರರೂ ಸನ್ಯಾಸಿನಿಯರೂ ಇನ್ನು ಮುಂದೆ ಎಂದಿನಂತೆ ಪಾತ್ರೆಯ ಬಳಿಗೆ ಬರತಕ್ಕದ್ದಲ್ಲವೆಂದು ಕಟ್ಟಳೆ ಮಾಡಿತು. ಪಾತ್ರೆಯಿಂದ ಕುಡಿಯುವಾಗ ಘೋರವಾದ ಅಪಾಯಗಳು ಸಂಭವಿಸಿವೆ, ಮುಂದೆ ಇನ್ನೂ ದೊಡ್ಡವು ಸಂಭವಿಸಬಹುದು ಎಂಬುದು ಅದು ಕೊಟ್ಟ ಕಾರಣ. ಅಪಾಯವೆಂದರೆ ಚೆಲ್ಲುವುದು.

ಕಟ್ಟಳೆಯನ್ನು ಓದುವಾಗ ನಾವು ನ್ಯಾಯವಾಗಿ ಓದಬೇಕು. ಅದು ಶ್ರಮಸಹೋದರರನ್ನು ಮಾತ್ರ ಹೊರಗಿಡಲಿಲ್ಲ. ಸನ್ಯಾಸಿಗಳನ್ನೂ ಸೇರಿಸಿಯೇ ಹೇಳಿತು. ಆದರೆ ಹದಿಮೂರನೆಯ ಶತಮಾನದಲ್ಲಿ ಗಾಯನವೃಂದದ ಸನ್ಯಾಸಿಗಳು ಹೆಚ್ಚುಹೆಚ್ಚಾಗಿ ಯಾಜಕದೀಕ್ಷೆ ಪಡೆಯುತ್ತಿದ್ದರು. ಯಾಜಕನಾದವನು ತಾನೇ ಬಲಿಪೂಜೆ ನಡೆಸುವ ದಿನ ಪಾತ್ರೆಯಿಂದ ಕುಡಿಯುತ್ತಾನೆ. ಪುಸ್ತಕ ಮುಟ್ಟಲಾರದ ಶ್ರಮಸಹೋದರನಿಗಾಗಲಿ ಸನ್ಯಾಸಿನಿಗಾಗಲಿ ಆ ದಿನ ಎಂದೂ ಬರುವುದಿಲ್ಲ. ಹೀಗೆ ಮಾತಿನಲ್ಲಿ ಎಲ್ಲರಿಗೂ ಒಂದೇ ಆಗಿದ್ದ ಕಟ್ಟಳೆ, ಪರಿಣಾಮದಲ್ಲಿ ಒಂದಾಗಿರಲಿಲ್ಲ. ಗಾಣ ತಿರುಗಿಸಿದ ಕೈಗಳೇ ಪಾತ್ರೆಯಿಂದ ಶಾಶ್ವತವಾಗಿ ದೂರವಾದವು. ಸಭಾಚರಿತ್ರೆಯ ಪಠ್ಯಗಳಲ್ಲಿ ಈ ವರ್ಷಕ್ಕೆ ಸ್ಥಾನವಿಲ್ಲ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯಿಂದ ನಾವು ನೇರವಾಗಿ 1415ರ ಕಾನ್‍ಸ್ಟನ್ಸ್‌ಗೆ ಜಿಗಿಯುತ್ತೇವೆ. ನಡುವಿನ ಇನ್ನೂರು ವರ್ಷಗಳಲ್ಲಿ ಪಾತ್ರೆಯು ಹೀಗೆ ಸದ್ದಿಲ್ಲದೆ, ಒಂದೊಂದು ಸಂಘದಲ್ಲಿ ಒಂದೊಂದು ಧರ್ಮಪ್ರಾಂತದಲ್ಲಿ, ಹಿಂದಕ್ಕೆ ಸರಿಯಿತು. ಕಾನ್‍ಸ್ಟನ್ಸ್ ಆಗಲೇ ಆಗಿಹೋಗಿದ್ದ ರೂಢಿಗೆ ಮುದ್ರೆ ಒತ್ತಿತು, ಅಷ್ಟೆ.

ಇದಕ್ಕೆ ದೈವಶಾಸ್ತ್ರದ ಆಧಾರವೂ ಇತ್ತೆಂಬುದನ್ನು ಒಪ್ಪಬೇಕು. ರೊಟ್ಟಿಯ ರೂಪದಲ್ಲಿಯೂ ರಸದ ರೂಪದಲ್ಲಿಯೂ ಕ್ರಿಸ್ತನು ಇಡಿಯಾಗಿಯೇ ಇರುವನು. ಆದಕಾರಣ ಒಂದೇ ರೂಪದಲ್ಲಿ ಸ್ವೀಕರಿಸಿದವನಿಗೆ ಏನೂ ಕಡಿಮೆಯಾಗದು ಎಂದು ತೋಮಸ್ ಅಕ್ವಿನಾಸನು ಕಲಿಸಿದನು. ಈ ಬೋಧನೆಯನ್ನು ನಮ್ಮ ಪ್ರಾಟೆಸ್ಟೆಂಟ್ ತರಗತಿಗಳಲ್ಲಿ ಆಗಾಗ ಹಗುರವಾಗಿ ತಳ್ಳಿಹಾಕುವುದುಂಟು, ಅದು ಸರಿಯಲ್ಲ. ಹಾಸಿಗೆ ಹಿಡಿದ ರೋಗಿಗೆ ರೊಟ್ಟಿಯ ಒಂದು ತುಣುಕನ್ನು ಮಾತ್ರ ಕೊಡಬಲ್ಲ ಗುರುವಿಗೆ ಅದು ದೊಡ್ಡ ಸಾಂತ್ವನದ ಬೋಧನೆ. ಕಷ್ಟ ಬರುವುದು ಆ ಸಾಂತ್ವನವು ನಿಷೇಧವಾಗಿ ಮಾರ್ಪಟ್ಟಾಗ. ಪ್ಯಾರಿಸ್ ವಿಶ್ವವಿದ್ಯಾಲಯದ ಕುಲಾಧಿಪತಿ ಜಾನ್ ಗೆರ್ಸನ್ 1417ರಲ್ಲಿ, ಲೌಕಿಕರಿಗೆ ಪಾತ್ರೆ ಕೊಡಬೇಕೆಂಬವರ ವಿರುದ್ಧ ಒಂದು ಪ್ರಬಂಧ ಬರೆದನು. ಅದರಲ್ಲಿ ಅವನು ಎಣಿಸುವ ಅಪಾಯಗಳನ್ನು ನೋಡಿರಿ: ರಸ ಚೆಲ್ಲೀತು, ಲೌಕಿಕರ ಉದ್ದನೆಯ ಗಡ್ಡಗಳಿಗೆ ಅಂಟೀತು, ಕಾದಿರಿಸಿದರೆ ಹುಳಿಯಾದೀತು, ಅಷ್ಟು ಜನಕ್ಕೆ ಬೇಕಾಗುವಷ್ಟು ದ್ರಾಕ್ಷಾರಸ ಎಲ್ಲೆಡೆ ಸಿಕ್ಕದು. ಇವುಗಳ ನಡುವೆಯೇ ಇನ್ನೊಂದು ಇದೆ. ಪಾತ್ರೆ ಕೊಟ್ಟರೆ ಪ್ರಭುಭೋಜನದ ಸ್ವೀಕಾರದಲ್ಲಿ ಲೌಕಿಕರ ಘನತೆಯು ಯಾಜಕರ ಘನತೆಗೆ ಸಮನಾಗಿಬಿಟ್ಟೀತು. ಗೆರ್ಸನ್ ದುಷ್ಟನಲ್ಲ, ಅವನ ಕಾಲದ ಅತ್ಯಂತ ಮೃದುಹೃದಯದ ಪಾಲಕರಲ್ಲಿ ಒಬ್ಬನು. ಅಂಥವನ ಲೇಖನಿಯಿಂದ ಬಂದುದರಿಂದಲೇ ಆ ಮಾತು ನಮ್ಮನ್ನು ಹೆಚ್ಚು ಕಾಡುತ್ತದೆ.

ಗೆರ್ಸನ್ ತನ್ನ ಯೌವನದಲ್ಲಿ ಬರ್ಗಂಡಿಯ ಡ್ಯೂಕ್ ಧೀರ ಫಿಲಿಪನ ಆಶ್ರಯ ಪಡೆದವನು. ಇದೇ ಫಿಲಿಪನು 1395ರಲ್ಲಿ, ಹೆಚ್ಚು ಕಾಯುವ ಆದರೆ ಸಾಧಾರಣ ರಸ ಕೊಡುವ ಗಾಮೆ ಜಾತಿಯ ಬಳ್ಳಿಗಳನ್ನು ತನ್ನ ಸೀಮೆಯಿಂದ ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿದನು. ಬರ್ಗಂಡಿಯ ಕೆಂಪು ರಸ ಪಿನೋ ಒಂದರಿಂದಲೇ ಆಗುವ ರೂಢಿ ಬಲಗೊಂಡದ್ದು ಹೀಗೆ. ಮಹಾಮಾರಿಯ ನಂತರ ಕೂಲಿಯಾಳುಗಳು ಸಿಗದ ದಿನಗಳಲ್ಲಿ, ಕಡಿಮೆ ಆರೈಕೆಗೆ ಹೆಚ್ಚು ಫಸಲು ಕೊಡುವ ಬಳ್ಳಿ ಬಡ ತೋಟಗಾರನಿಗೆ ಆಸರೆಯಾಗಿತ್ತು. ಉತ್ತಮ ರಸ ಬೇಕಾದದ್ದು ಆಸ್ಥಾನಗಳಿಗೆ. ಆವಿನ್ಯೋನಿನ ಪೋಪರ ಆಸ್ಥಾನಕ್ಕೂ ಅದು ಬೇಕಾಗಿತ್ತು. ಬೋನ್‍ನ ರಸ ರೋಮಿನಲ್ಲಿ ಸಿಗದೆಂಬ ಚಿಂತೆಯಿಂದಲೇ ಕಾರ್ಡಿನಲರು ರೋಮಿಗೆ ಹಿಂದಿರುಗಲು ಒಲ್ಲೆನ್ನುತ್ತಾರೆಂದು ಕವಿ ಪೆತ್ರಾರ್ಕನು ಪೋಪ್ ಐದನೆಯ ಅರ್ಬನನಿಗೆ ಬರೆದ ಪತ್ರದಲ್ಲಿ ಕುಟುಕಿದನು. ಸೀತೋದ ಅಧಿಪತಿಯೊಬ್ಬನು ವುಜೋದ ಪೀಪಾಯಿಗಳನ್ನು ಪೋಪ್ ಹನ್ನೊಂದನೆಯ ಗ್ರೆಗರಿಗೆ ಕಾಣಿಕೆ ಕಳುಹಿಸಿ ಕೆಲವು ವರ್ಷಗಳಲ್ಲಿ ಕಾರ್ಡಿನಲನಾದನೆಂದೂ ಒಂದು ಕಥೆಯಿದೆ. ಅವನು ಕಾರ್ಡಿನಲನಾದದ್ದು 1375ರಲ್ಲಿ; ಅದು ದಾಖಲೆಯ ಮಾತು. ಪೀಪಾಯಿಗಳಿಗೂ ಅದಕ್ಕೂ ಇದ್ದ ಸಂಬಂಧವನ್ನು ಓದುಗರ ತೀರ್ಮಾನಕ್ಕೆ ಬಿಡುತ್ತೇವೆ. ಮೊದಲ ಸೀತೋದ ಕಠೋರ ಬಡತನದಿಂದ ಇಷ್ಟು ದೂರ ಬರಲು ಮುನ್ನೂರು ವರ್ಷವೂ ಹಿಡಿಯಲಿಲ್ಲ. ಆ ಹೊತ್ತಿಗೆ ಶ್ರಮಸಹೋದರರ ಸಂಖ್ಯೆಯೂ ಕುಗ್ಗಿತ್ತು. ಮಠಗಳು ಎಲ್ಲೆಡೆ ಭೂಮಿಯನ್ನು ಗೇಣಿಗೆ ಕೊಟ್ಟು ಸುತ್ತಲಿನ ಊರಿನವರಿಂದ ಕೆಲಸ ಮಾಡಿಸುವ ದಾರಿ ಹಿಡಿದಿದ್ದವು.

ಕಾನ್‍ಸ್ಟನ್ಸ್ ಮಹಾಸಭೆ ಲೌಕಿಕರಿಗೆ ಪಾತ್ರೆಯನ್ನು ನಿಷೇಧಿಸಿದ್ದು 1415ರ ಜೂನ್ ತಿಂಗಳಲ್ಲಿ. ಜಾನ್ ಹುಸ್‌ನನ್ನು ಸುಟ್ಟದ್ದು ಮರು ತಿಂಗಳು. ಬೊಹೆಮಿಯದ ರೈತರೂ ಕುಶಲಕರ್ಮಿಗಳೂ ಪಾನಪಾತ್ರೆಯ ಚಿತ್ರವನ್ನೇ ಧ್ವಜದ ಮೇಲೆ ಬರೆದುಕೊಂಡು ಯುದ್ಧಕ್ಕೆ ನಿಂತದ್ದನ್ನು ನಾವು ಓದಿದ್ದೇವೆ. ಆ ಯುದ್ಧಗಳನ್ನು ಮುಗಿಸಲು ಬಾಸೆಲ್ ನಗರದಲ್ಲಿ ಸೇರಿದ್ದ ಮಹಾಸಭೆಯು ಬೊಹೆಮಿಯದವರಿಗೆ ಎರಡು ರೂಪಗಳಲ್ಲಿಯೂ ಪ್ರಭುಭೋಜನವನ್ನು ಬಿಟ್ಟುಕೊಟ್ಟಿತು; ಒಪ್ಪಂದ 1436ರಲ್ಲಿ ಘೋಷಿತವಾಯಿತು. ನಾಲ್ಕು ಶತಮಾನಗಳ ನಂತರ, 1834ರಲ್ಲಿ, ಅದೇ ಬಾಸೆಲ್ ನಗರದ ಮಿಷನ್ ಸಂಸ್ಥೆಯಿಂದ ಬೋಧಕರು ಮಂಗಳೂರಿಗೆ ಬಂದರು. ಅವರು ಕಟ್ಟಿದ ಸಭೆಗಳಲ್ಲಿ ಒಕ್ಕಲಿನವನೂ ಮಗ್ಗದವನೂ ಹಂಚಿನ ಕಾರ್ಖಾನೆಯವನೂ ರೊಟ್ಟಿಯೊಡನೆ ಪಾತ್ರೆಯನ್ನೂ ಸ್ವೀಕರಿಸಿದರು. ಅದಕ್ಕಾಗಿ ಎಷ್ಟು ರಕ್ತ ಹರಿದಿತ್ತೆಂಬುದು ಅವರಿಗೆ ತಿಳಿಯುವ ಅಗತ್ಯವೇ ಬೀಳಲಿಲ್ಲ. ನಮಗೂ ಸುಲಭವಾಗಿ ಸಿಕ್ಕಿದ್ದರಿಂದಲೇ ಅದರ ಬೆಲೆ ಮರೆತುಹೋಗಿದೆ.

ಬರ್ಗಂಡಿಯಲ್ಲಿ ಮಾತ್ರ ಸಂಗತಿ ಬೇರೆ ದಾರಿಯಲ್ಲಿ ನಡೆಯಿತು. ತೋಟಗಾರನಿಗೆ ಮೊದಲು ಸಿಕ್ಕಿದ್ದು ಪಾತ್ರೆಯಲ್ಲ, ತೋಟ. ಅದೂ ಬಹಳ ತಡವಾಗಿ, ಬಹಳ ಸುತ್ತುಬಳಸಿ. 1789ರ ನವೆಂಬರ್ 2ರಂದು ಫ್ರೆಂಚ್ ರಾಷ್ಟ್ರೀಯ ಸಭೆಯು ಸಭೆಯ ಆಸ್ತಿಯೆಲ್ಲ ರಾಷ್ಟ್ರದ ವಶಕ್ಕೆ ಎಂದು ಸಾರಿತು. ಮರುವರ್ಷ ಸನ್ಯಾಸವ್ರತಗಳನ್ನು ರದ್ದುಗೊಳಿಸಿತು. ಸೀತೋದ ಸನ್ಯಾಸಿಗಳು ಚದುರಿಹೋದರು. 1791ರಲ್ಲಿ ಕ್ಲೋ ದ ವುಜೋ ಹರಾಜಾಯಿತು. ಕ್ರಾಂತಿಯ ಹೆಸರಿನಲ್ಲಿ ಬಡವರ ಕೈಗೆ ಬರಬಹುದಾಗಿದ್ದ ತೋಟ ಇಡಿಯಾಗಿ ಹಣವಂತರ ಪಾಲಾಯಿತು. ಹತ್ತು ಲಕ್ಷ ಲಿವ್ರ್‌ಗೂ ಮೀರಿದ ಮೊತ್ತವನ್ನು ಯಾವ ಕೂಲಿಯವನು ಕೊಟ್ಟಾನು? 1818ರಿಂದ ಊವ್ರಾರ್ ಮನೆತನದ ಕೈಯಲ್ಲಿದ್ದ ತೋಟವು ಹಲವು ಮಂದಿ ಕೊಳ್ಳುವವರ ನಡುವೆ ಮೊದಲಸಲ ಹಂಚಿಹೋದದ್ದು 1889ರಲ್ಲಿ. ಆ ಮೇಲೆ ಕೆಲಸ ಮಾಡಿದ್ದು 1804ರ ಸಿವಿಲ್ ಸಂಹಿತೆ. ತಂದೆಯ ಆಸ್ತಿ ಹಿರಿಯನಿಗೊಬ್ಬನಿಗೇ ಅಲ್ಲ, ಗಂಡುಹೆಣ್ಣೆನ್ನದೆ ಮಕ್ಕಳಿಗೆಲ್ಲ ಸಮಪಾಲು ಎಂಬ ಆ ಕಾನೂನಿನಿಂದ ತಲೆಮಾರು ತಲೆಮಾರಿಗೆ ಪಾಲುಗಳು ಸೀಳುತ್ತ ಹೋದವು. ಇನ್ನೂರು ವರ್ಷ ಸೇರಿಸಿ ಕಟ್ಟಿದ ಗೋಡೆಯೊಳಗೆ ನೆಲವು ಪುನಃ ತುಂಡುತುಂಡಾಯಿತು.

1889ರ ಮಾರಾಟದ ಹಿಂದೆ ಒಂದು ವಿಪತ್ತಿನ ಕಾಲವಿದೆ. ಉತ್ತರ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಷ್ಟು ಸಣ್ಣ ಕೀಟವು 1860ರ ದಶಕದಿಂದ ಫ್ರಾನ್ಸಿನ ಬಳ್ಳಿಗಳ ಬೇರನ್ನು ತಿನ್ನುತ್ತ ಬಂದು, 1878ರಲ್ಲಿ ಈ ಇಳಿಜಾರಿನ ಮರ್ಸೋ ಊರಿನಲ್ಲಿ ಕಾಣಿಸಿಕೊಂಡಿತು. ಅಲ್ಲಿಯವರೆಗೆ ತೋಟಗಾರರು ಮುದಿ ಬಳ್ಳಿಯನ್ನು ಮಣ್ಣಿನಲ್ಲಿ ಹೂತು ಅದರ ಕುಡಿಯಿಂದಲೇ ಹೊಸ ಬಳ್ಳಿ ಎಬ್ಬಿಸುತ್ತಿದ್ದರು. ಒಂದು ಅರ್ಥದಲ್ಲಿ ಸನ್ಯಾಸಿಗಳ ಬಳ್ಳಿ ಎಂದೂ ಸತ್ತಿರಲಿಲ್ಲ. ಸಮಾಧಿಯಿಂದ ಸಮಾಧಿಗೆ ಮುಂದುವರಿಯುತ್ತಿತ್ತು. ಆ ಪರಂಪರೆ ಇಲ್ಲಿಗೆ ಕಡಿದುಹೋಯಿತು. ಉಳಿದ ದಾರಿ ಒಂದೇ: ಕೀಟವನ್ನು ತಾಳಿಕೊಳ್ಳಬಲ್ಲ ಅಮೆರಿಕದ ಕಾಡುಬಳ್ಳಿಯ ಬೇರಿಗೆ ಪಿನೋದ ಕೊಂಬೆಯನ್ನು ಕಸಿ ಮಾಡುವುದು. ಕುಲೀನವಾದ ಬಳ್ಳಿಗೆ ಕಾಡುಬೇರು ಕೂಡಿಸುವುದು ಅಪವಿತ್ರವೆಂಬಂತೆ ದೊಡ್ಡ ಒಡೆಯರು ವರ್ಷಗಟ್ಟಲೆ ಪ್ರತಿಭಟಿಸಿದರು. ನೆರೆಯ ರೊಮಾನೆ-ಕೊಂತಿ ತೋಟದವರು 1945ರವರೆಗೂ ಕಸಿಯಿಲ್ಲದ ಬಳ್ಳಿಗಳನ್ನು ಹಟದಿಂದ ಕಾಪಾಡಿಕೊಂಡರು. ರೋಮಾಪುರದವರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಪೌಲನು ಊರುಮರದ ಬೇರಿಗೆ ಕಾಡುಕೊಂಬೆ ಕಸಿಯಾದುದನ್ನು ಸ್ವಭಾವಕ್ಕೆ ವಿರುದ್ಧವಾದ ಕೃಪೆಯೆಂದು ವರ್ಣಿಸುತ್ತಾನೆ. ಬರ್ಗಂಡಿಯಲ್ಲಿ ನಡೆದದ್ದು ಅದರ ತಿರುಗುಮುರುಗು. ಊರಿನ ಕೊಂಬೆ ಉಳಿದದ್ದು ಕಾಡಿನ ಬೇರಿನಿಂದ. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದು ಆಶ್ಚರ್ಯದ ಮಾತಲ್ಲ. ಬರವನ್ನೂ ಉಪ್ಪುನೀರನ್ನೂ ತಡೆಯಲೆಂದು ಅವರು ನೆಲದೊಳಗೆ ಇರಿಸುವ ‘ಡಾಗ್ರಿಡ್ಜ್’ ಬೇರೂ ಅಮೆರಿಕ ಮೂಲದ್ದೇ. ಈ ಅಧ್ಯಾಯವನ್ನು ಪ್ರಸಂಗಿಸುವವರು ಒಮ್ಮೆ ಅಂಥ ತೋಟವನ್ನು ನೋಡಿಬರುವುದು ಒಳ್ಳೆಯದು.

ಕಾಯಿಲೆ ಬಿದ್ದ ತೋಟಗಳ ಬೆಲೆ ಕುಸಿದಾಗ, ಹಿಂದೆ ಬೇರೆಯವರಿಗಾಗಿ ದುಡಿಯುತ್ತಿದ್ದ ಮನೆಗಳು ಈ ಸೀಮೆಯಲ್ಲಿ ಅಲ್ಲಲ್ಲಿ ಒಂದೊಂದು ತುಂಡು ಕೊಳ್ಳತೊಡಗಿದವು. ಅಲ್ಲಿ ಭೂಮಿಯ ಹಳೆಯ ಅಳತೆಗೆ ‘ಉವ್ರೇ’ ಎಂದು ಹೆಸರು, ಸುಮಾರು 428 ಚದರ ಮೀಟರ್. ಒಬ್ಬ ಆಳು ಒಂದು ದಿನದಲ್ಲಿ ಗುದ್ದಲಿಯಿಂದ ಅಗೆಯಬಲ್ಲಷ್ಟು ನೆಲ ಎಂಬುದೇ ಆ ಮಾತಿನ ಅರ್ಥ. ಮತ್ತಾಯನ ಇಪ್ಪತ್ತನೆಯ ಅಧ್ಯಾಯದ ಮನೆಯಜಮಾನನು ದಿನಗೂಲಿಯನ್ನು ಹಣದಲ್ಲಿ ಎಣಿಸಿದನು. ಬರ್ಗಂಡಿಯವರು ನೆಲವನ್ನೇ ದಿನಗೂಲಿಯಿಂದ ಎಣಿಸಿದರು. ಇಂದಿಗೂ ತೋಟದ ಮಾತು ಬಂದಾಗ ಹಿರಿಯರು ಹೆಕ್ಟೇರಿಗಿಂತ ಉವ್ರೇಯಲ್ಲಿಯೇ ಲೆಕ್ಕ ಹೇಳುವುದುಂಟು. ಒಂದು ಹೆಕ್ಟೇರಿಗೆ ಇಪ್ಪತ್ತಮೂರು ಚಿಲ್ಲರೆ ಉವ್ರೇ. ಅಂದರೆ ಅಷ್ಟು ದಿನಗಳ ಬೆನ್ನುನೋವು.

ಭೂಮಿ ಕೊಳ್ಳಲಾರದವರಿಗೆ ಇನ್ನೊಂದು ಬಾಗಿಲು ಇತ್ತು. ನಮ್ಮ ಕಡೆ ಕೋರು ಅಥವಾ ವಾರದ ಸಾಗುವಳಿ ಎನ್ನುವಂಥದೇ ಪದ್ಧತಿ: ಒಡೆಯನ ತೋಟದಲ್ಲಿ ದುಡಿದು ಫಸಲಿನಲ್ಲಿ ಪಾಲು ಪಡೆಯುವುದು. ಕ್ಲೋ ದ ವುಜೋದ ಹಳೆಯ ಕಟ್ಟಡವನ್ನು ಕೊಂಡಿದ್ದ ರಾಜಕಾರಣಿ ಎತಿಯೆನ್ ಕಾಮ್ಯುಜೆಯ ಬಳ್ಳಿಗಳನ್ನು ಹೀಗೆ ಪಾಲಿಗೆ ಮಾಡಿದವರಲ್ಲಿ ನೆರೆಯ ವೋನ್-ರೊಮಾನೆ ಊರಿನ ಆನ್ರಿ ಜಾಯೆ ಒಬ್ಬನು. 1922ರಲ್ಲಿ ಹುಟ್ಟಿದ ಈತನು ಎರಡನೆಯ ಮಹಾಯುದ್ಧದ ಕಾಲದಿಂದ ದಶಕಗಳ ಕಾಲ ಪಾಲಿನ ಸಾಗುವಳಿ ಮಾಡುತ್ತಲೇ ಬರ್ಗಂಡಿಯ ಅತ್ಯಂತ ಗೌರವಾನ್ವಿತ ರಸತಜ್ಞನೆನಿಸಿಕೊಂಡನು. ಫಸಲನ್ನು ಕಡಿಮೆ ಮಾಡಿದರೆ ಹಣ್ಣು ಹಿರಿದಾಗುತ್ತದೆ, ಗೊಬ್ಬರ ಸುರಿದು ಬಳ್ಳಿಯನ್ನು ಸೋಮಾರಿ ಮಾಡಬಾರದು ಎಂಬುದು ಅವನ ನಂಬಿಕೆ. 2006ರಲ್ಲಿ ಅವನು ತೀರಿಕೊಂಡನು. ಅವನ ಕೈಯ ಶೀಸೆಗಳು ಹರಾಜಿನಲ್ಲಿ ಪಡೆದ ಬೆಲೆಗಳನ್ನು ಇಲ್ಲಿ ಬರೆಯಲು ನಮಗೆ ಮನಸ್ಸಾಗುವುದಿಲ್ಲ. ಪಾಲಿಗೆ ದುಡಿದವನ ರಸವನ್ನು ಅವನ ಊರಿನ ಕೂಲಿಯವನು ಕೊಂಡು ಕುಡಿಯಲಾರನು ಎಂದರೆ ಸಾಕು. ಸೆಪ್ಟೆಂಬರಿನ ಸುಗ್ಗಿಯಲ್ಲಿ ಗೊಂಚಲು ಕತ್ತರಿಸಲು ಬರುವ ಹಂಗಾಮಿ ಕೆಲಸಗಾರನ ವಿಷಯದಲ್ಲಿಯೂ ಅದೇ ಮಾತು. ಪೌಲನ ಪ್ರಶ್ನೆ ಆ ಇಳಿಜಾರಿನಲ್ಲಿ ಇನ್ನೂ ಮುಗಿದಿಲ್ಲ.

ಆದರೆ ಮಠ ಹೋದ ಮೇಲೆ ಭ್ರಾತೃತ್ವವೂ ಹೋಯಿತೆಂದು ತಿಳಿಯಬಾರದು. ಬರ್ಗಂಡಿಯ ಊರೂರುಗಳಲ್ಲಿ ತೋಟಗಾರರ ಪೋಷಕನಾದ ಹುತಾತ್ಮ ವಿನ್ಸೆಂಟನ ಹೆಸರಿನ ಪರಸ್ಪರ ಸಹಾಯ ಸಂಘಗಳಿವೆ. ಒಬ್ಬ ಸದಸ್ಯನು ಕಾಯಿಲೆ ಬಿದ್ದರೆ ಉಳಿದವರು ಅವನ ಸಾಲುಗಳಲ್ಲಿ ಚಾಟನಿಯನ್ನೂ ಅಗೆತವನ್ನೂ ಮಾಡಿಕೊಡಬೇಕು. ಅದು ದಾನವಲ್ಲ, ಸದಸ್ಯತ್ವದ ಕರ್ತವ್ಯ. ಜನವರಿ 22 ವಿನ್ಸೆಂಟನ ಹಬ್ಬ. ಬಳ್ಳಿ ಎಲೆಯುದುರಿಸಿ ನಿಂತಿರುವ, ಚಾಟನಿಯ ಕತ್ತರಿಗಳು ಕೈಯನ್ನು ಕೊರೆಯುವ ಚಳಿಯ ದಿನಗಳವು. ಸಂತನ ಪ್ರತಿಮೆಯನ್ನು ಹೆಗಲ ಮೇಲೆ ಹೊತ್ತು ಮನೆಯವರೆಲ್ಲ ದೇವಾಲಯಕ್ಕೆ ಹೋಗುತ್ತಾರೆ. 1938ರಿಂದ ಊರಿಂದೂರಿಗೆ ಸರದಿಯಾಗಿ ಸುತ್ತುವ ದೊಡ್ಡ ಹಬ್ಬವೂ ಇದೆ, ಅದರಲ್ಲಿ ಈಗ ಪ್ರವಾಸಿಗರೇ ಹೆಚ್ಚು. ಶ್ರಮಸಹೋದರರ ಹೆಸರುಗಳು ಯಾವ ಕಾಗದದಲ್ಲಿಯೂ ಉಳಿಯಲಿಲ್ಲವೆಂದು ಹಿಂದೆ ಹೇಳಿದೆವು. ಅವರ ಭ್ರಾತೃತ್ವದ ಒಂದು ಎಳೆ, ಮಠದ ಗೋಡೆಯ ಹೊರಗೆ, ಹೆಂಡತಿಮಕ್ಕಳುಳ್ಳ ಈ ಸಂಸಾರಿಗಳ ಸಂಘಗಳಲ್ಲಿ ಮುಂದುವರಿಯಿತೆಂಬುದು ನಮ್ಮ ಅಭಿಪ್ರಾಯ. ದಾಖಲೆಗಳಿಂದ ಸಾಧಿಸಿ ತೋರಿಸುವ ಮಾತು ಇದಲ್ಲ; ಬೇರೆಯಾಗಿ ಯೋಚಿಸುವವರೊಡನೆ ನಾವು ಜಗಳಕ್ಕೆ ನಿಲ್ಲುವುದಿಲ್ಲ.

ಪಾತ್ರೆಯ ವಿಷಯದಲ್ಲಿ ರೋಮನ್ ಸಭೆಯು ಬಾಗಿಲು ತೆರೆದದ್ದು 1963ರ ಡಿಸೆಂಬರ್ 4ರಂದು. ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನೆಯ ಕುರಿತು ಹೊರಡಿಸಿದ ಸಂವಿಧಾನದ ಐವತ್ತೈದನೆಯ ವಿಧಿಯಲ್ಲಿ, ಬಿಷಪರ ವಿವೇಚನೆಗೆ ಒಳಪಟ್ಟು, ಕೆಲವು ಸಂದರ್ಭಗಳಲ್ಲಿ ಲೌಕಿಕರಿಗೂ ಎರಡು ರೂಪಗಳಲ್ಲಿ ಕೊಡಬಹುದೆಂದು ಹೇಳಿತು. 1261ರಿಂದ ಲೆಕ್ಕ ಹಾಕಿದರೆ ಏಳುನೂರ ಎರಡು ವರ್ಷ. ‘ಕೆಲವು ಸಂದರ್ಭಗಳು’ ಆ ಬಳಿಕ ಹಿಗ್ಗುತ್ತ ಬಂದಿವೆ, ಆದರೂ ಅನೇಕ ಸ್ಥಳೀಯ ಸಭೆಗಳಲ್ಲಿ ಭಾನುವಾರದ ರೂಢಿ ಇಂದಿಗೂ ರೊಟ್ಟಿಯೊಂದೇ. ನಮ್ಮ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಪಾತ್ರೆ ಎಲ್ಲರಿಗೂ ಸಿಗುತ್ತದೆ. ಆದರೆ ಅದನ್ನು ತುಂಬಿದ ಹಣ್ಣು ಯಾರ ತೋಟದ್ದು, ಅಲ್ಲಿ ಕತ್ತರಿ ಹಿಡಿದ ಹೆಂಗಸಿಗೆ ಆ ದಿನ ಎಷ್ಟು ಕೂಲಿ ಸಿಕ್ಕಿತು ಎಂದು ಪ್ರಭುಭೋಜನದ ಸಿದ್ಧತೆಯಲ್ಲಿ ಕೇಳಿದ ಸಭಾಪಾಲಕರನ್ನು ನಾವು ಇನ್ನೂ ಕಂಡಿಲ್ಲ, ನಾವೂ ಕೇಳಿದವರಲ್ಲ.

ಸೀತೋಗೆ ಸನ್ಯಾಸಿಗಳು ಮರಳಿ ಬಂದದ್ದು 1898ರಲ್ಲಿ, ಮಠ ಸ್ಥಾಪನೆಯಾಗಿ ಸರಿಯಾಗಿ ಎಂಟುನೂರು ವರ್ಷಗಳಿಗೆ. ವುಜೋದ ತೋಟ ಅವರಿಗೆ ಮರಳಿ ಬರಲಿಲ್ಲ. ಅವರು ಅದನ್ನು ಬಯಸಿದಂತೆಯೂ ಕಾಣುವುದಿಲ್ಲ. ಜವುಗು ಬಯಲಿನ ಹುಲ್ಲಿನಲ್ಲಿ ಹಸುಗಳನ್ನು ಮೇಯಿಸಿ, ಹಾಲು ಹೆಪ್ಪುಗಟ್ಟಿಸಿ, ಮಠದ ಹೆಸರಿನ ಒಂದು ಮೃದುವಾದ ಗಿಣ್ಣನ್ನು ತಯಾರಿಸಿ ಮಾರಿ ಅವರು ಜೀವಿಸುತ್ತಾರೆ. ಶ್ರಮಸಹೋದರರೆಂಬ ಬೇರೆ ವರ್ಗ ಈಗ ಅಲ್ಲಿಲ್ಲ. 1960ರ ದಶಕದಲ್ಲಿ ಆ ಸಂಘವು ಇಬ್ಬರನ್ನೂ ಒಂದಾಗಿಸಿತು. ಗಿಣ್ಣು ತಿರುವಿಹಾಕುವವನೂ ಕೀರ್ತನೆ ಹಾಡುವವನೂ ಈಗ ಒಬ್ಬನೇ.